ಕರೆಂಟ್ ಈಸ್ ನಾಟ್ ದೇರ್: ನಮ್ಮ ‘ಇಲ್ಲ’ ಇಂಗ್ಲಿಷಿಗೆ ಹೋದಾಗ

ಮೊದಲ ಕೆಲಸಕ್ಕೆ ಸೇರಿದ ಹೊಸದರಲ್ಲಿ ನನಗೆ ಟೆಲಿಫೋನಿನ ಪಕ್ಕದ ಕುರ್ಚಿ ಸಿಕ್ಕಿತ್ತು. ಒಂದು ಮಧ್ಯಾಹ್ನ ಲಂಡನ್ನಿನಿಂದ ಯಾರೋ ಫೋನ್ ಮಾಡಿ ನಮ್ಮ ಮ್ಯಾನೇಜರನ್ನು ಕೇಳಿದರು. ಮ್ಯಾನೇಜರು ಊಟಕ್ಕೆ ಹೋಗಿದ್ದರು. ಗಂಟಲು ಸರಿಮಾಡಿಕೊಂಡು "ಸರ್ ಈಸ್ ನಾಟ್ ದೇರ್" ಅಂದೆ. ಆ ಕಡೆ ಒಂದು ಗಳಿಗೆ ಸದ್ದಿಲ್ಲ. ಆಮೇಲೆ ಬಹಳ ಮರ್ಯಾದೆಯಿಂದ ಕೇಳಿದರು, "ನಾಟ್ ವೇರ್?" ಎಲ್ಲಿಲ್ಲ? ಅವರಿಗೆ ಸರಿಯಾಗಿ ಕೇಳಿಸಲಿಲ್ಲವೇನೋ ಅಂದುಕೊಂಡು ಅದೇ ವಾಕ್ಯವನ್ನು ಇನ್ನೂ ಗಟ್ಟಿಯಾಗಿ ಹೇಳಿದೆ.

ಅವರಿಗೆ ಕೇಳಿಸಿದ್ದು ಸರಿಯಾಗಿಯೇ ಇತ್ತು. ಇಂಗ್ಲಿಷಿನವರ ಕಿವಿಗೆ ವಾಕ್ಯದ ಕೊನೆಯಲ್ಲಿ ಒತ್ತಿ ಬರುವ ‘ದೇರ್’ ಅಂದರೆ ಬೆರಳು ಮಾಡಿ ತೋರಿಸುವ ‘ಅಲ್ಲಿ’. ನಾನು ಕೂತಿದ್ದದ್ದು ಇಲ್ಲಿ, ಮ್ಯಾನೇಜರು ಇರಬೇಕಾಗಿದ್ದದ್ದೂ ಇಲ್ಲಿ. "ಹೀ ಈಸ್ ನಾಟ್ ಇನ್" ಅಂದಿದ್ದರೆ ಮುಗಿದುಹೋಗುತ್ತಿತ್ತು. ಆದರೆ ನನ್ನ ತಲೆಯೊಳಗೆ ಓಡುತ್ತಿದ್ದ ವಾಕ್ಯ "ಸರ್ ಇಲ್ಲ". ಕೊನೆಯ ಆ ‘ಇಲ್ಲ’ವನ್ನು ಕಿತ್ತು, ಅದೇ ಜಾಗದಲ್ಲಿ "ಈಸ್ ನಾಟ್ ದೇರ್" ಅನ್ನುವ ಮೂರು ಪದಗಳ ಗಂಟನ್ನು ಇಟ್ಟಿದ್ದೆ, ಅಷ್ಟೆ. ತಮಿಳರು, ತೆಲುಗರು, ಹಿಂದಿಯವರು ಮಾಡುವುದೂ ಇದನ್ನೇ, ಯಾಕೆಂದರೆ ನಮ್ಮೆಲ್ಲರ ಭಾಷೆಯಲ್ಲೂ ಇರುವುದು ಇಲ್ಲದಿರುವುದು ತಿಳಿಯುವುದು ವಾಕ್ಯದ ಕೊನೆಗೆ. ಹೀಗಾಗಿ "ಕರೆಂಟ್ ಈಸ್ ನಾಟ್ ದೇರ್", "ಚೇಂಜ್ ಈಸ್ ನಾಟ್ ದೇರ್", "ನೆಟ್‌ವರ್ಕ್ ಈಸ್ ನಾಟ್ ದೇರ್" ಇವೆಲ್ಲ ದೇಶದೊಳಗೆ ಚೆನ್ನಾಗಿ ಚಲಾವಣೆಯಾಗುತ್ತವೆ. ಗಡಿ ದಾಟಿದರೆ ತಡವರಿಸುತ್ತವೆ. ಅಲ್ಲಿ ಚಲಾವಣೆಯಲ್ಲಿರುವುದು "ದೇರ್ ಈಸ್ ನೋ" ಅನ್ನುವ ಅಚ್ಚು: "ದೇರ್ ಈಸ್ ನೋ ಪವರ್", "ದೇರ್ ಈಸ್ ನೋ ಚೇಂಜ್", "ದೇರ್ ಈಸ್ ನೋ ಸಿಗ್ನಲ್".

ಈ ಅಚ್ಚಿನ ಮೊದಲಲ್ಲಿರುವ ‘ದೇರ್’ಗೂ ಕೊನೆಯಲ್ಲಿ ಬರುವ ‘ದೇರ್’ಗೂ ಸಂಬಂಧವೇ ಇಲ್ಲ ಅಂದುಕೊಂಡರೆ ಅರ್ಧ ಗೊಂದಲ ಪರಿಹಾರವಾಗುತ್ತದೆ. ಮೊದಲಿನದು ಖಾಲಿ ಡಬ್ಬ. ಇಂಗ್ಲಿಷ್ ವಾಕ್ಯಕ್ಕೆ ತಲೆಯ ಜಾಗದಲ್ಲಿ ಏನಾದರೊಂದು ಇರಲೇಬೇಕು ಅನ್ನುವ ಹಟವಿದೆ, ಅದಕ್ಕಾಗಿ ಕೂರಿಸಿದ ಬೊಂಬೆ ಅದು. ಉಚ್ಚಾರದಲ್ಲೂ ಅದಕ್ಕೆ ಒತ್ತು ಇಲ್ಲ, ಗೊಣಗಿದ ಹಾಗೆ ಹಾದುಹೋಗುತ್ತದೆ. ಎರಡನೆಯದು ನಿಜವಾದ ‘ಅಲ್ಲಿ’. ಎರಡೂ ಒಂದೇ ವಾಕ್ಯದಲ್ಲಿ ಬರುವುದೂ ಉಂಟು: "ದೇರ್ ಈಸ್ ನೋ ವಾಟರ್ ದೇರ್." ಅಲ್ಲಿ ನೀರಿಲ್ಲ. ಕನ್ನಡದ ‘ಅಲ್ಲಿ’ಗೆ ಲೆಕ್ಕ ಸಿಗುವುದು ಕೊನೆಯ ಪದದಿಂದ ಮಾತ್ರ.

ಪುಸ್ತಕ ಮತ್ತು ಮೇಜು

ಹಾಗಾದರೆ "ಈಸ್ ನಾಟ್ ದೇರ್" ಯಾವಾಗಲೂ ತಪ್ಪೇ? ಅಲ್ಲ. "ದ ಕೀ ಈಸ್ ನಾಟ್ ದೇರ್" ಅನ್ನುವುದು ಒಳ್ಳೆಯ ಇಂಗ್ಲಿಷ್. ನೀವು ಹೇಳಿದ ಆ ಕೀಲಿಕೈ, ನೀವು ಹೇಳಿದ ಆ ಮೊಳೆಯ ಮೇಲೆ ಇಲ್ಲ. ಇಬ್ಬರಿಗೂ ಗೊತ್ತಿರುವ ವಸ್ತುವೊಂದು ಎಲ್ಲಿದೆ, ಎಲ್ಲಿಲ್ಲ ಅನ್ನುವ ಮಾತು ಅದು. "ದೇರ್ ಈಸ್ ನೋ ಕೀ" ಅಂದರೆ ಬೇರೆಯೇ ಸಂಗತಿ: ಕೀಲಿಕೈ ಅನ್ನುವುದೇ ಇಲ್ಲ.

ಈ ವ್ಯತ್ಯಾಸ ಇಂಗ್ಲಿಷಿನ ಸೂಕ್ಷ್ಮ ಅಂತ ಕೆಲವರು ಹೆದರಿಸುತ್ತಾರೆ. ಹೆದರಬೇಕಾಗಿಲ್ಲ, ಅದು ಕನ್ನಡದಲ್ಲೂ ಇದೆ. "ಮೇಜಿನ ಮೇಲೆ ಪುಸ್ತಕ ಇಲ್ಲ" ಮತ್ತು "ಪುಸ್ತಕ ಮೇಜಿನ ಮೇಲಿಲ್ಲ", ಎರಡನ್ನೂ ಒಮ್ಮೆ ಬಾಯಿಬಿಟ್ಟು ಹೇಳಿ ನೋಡಿ. ಮೊದಲನೆಯದರಲ್ಲಿ ಯಾವ ಪುಸ್ತಕ ಅನ್ನುವ ಪ್ರಶ್ನೆಯೇ ಏಳುವುದಿಲ್ಲ, ಮೇಜು ಬರಿದಾಗಿದೆ. ಎರಡನೆಯದನ್ನು ಹೇಳುವವನು ಒಂದು ಗೊತ್ತಾದ ಪುಸ್ತಕವನ್ನು ಹುಡುಕುತ್ತಿದ್ದಾನೆ. ನಾವು ಪದಗಳ ಜಾಗ ಅದಲುಬದಲು ಮಾಡಿ ಸಾಧಿಸುವ ಕೆಲಸವನ್ನು ಇಂಗ್ಲಿಷ್ ಎರಡು ಬೇರೆ ಅಚ್ಚುಗಳಿಂದ ಸಾಧಿಸುತ್ತದೆ. ಮೊದಲನೆಯದು "ದೇರ್ ಈಸ್ ನೋ ಬುಕ್ ಆನ್ ದ ಟೇಬಲ್". ಎರಡನೆಯದು "ದ ಬುಕ್ ಈಸ್ ನಾಟ್ ಆನ್ ದ ಟೇಬಲ್". ಆದ್ದರಿಂದ ಇಂಗ್ಲಿಷಿನಲ್ಲಿ ಅನುಮಾನ ಬಂದಾಗ ವ್ಯಾಕರಣದ ಪುಸ್ತಕ ತೆರೆಯುವ ಮೊದಲು ಅದೇ ಮಾತನ್ನು ಉದ್ದವಾಗಿ ಕನ್ನಡದಲ್ಲಿ ಹೇಳಿಕೊಳ್ಳಿ. ಜಾಗ ಮೊದಲು ಬಂದು ವಸ್ತು ‘ಇಲ್ಲ’ಕ್ಕೆ ಅಂಟಿಕೊಂಡಿದ್ದರೆ "ದೇರ್ ಈಸ್ ನೋ". ವಸ್ತು ಮೊದಲು ಬಂದಿದ್ದರೆ ಅದನ್ನೇ ಮುಂದಿಟ್ಟುಕೊಂಡು "ಈಸ್ ನಾಟ್".

"ಕರೆಂಟಿಲ್ಲ", "ಸರ್ ಇಲ್ಲ" ಇಂಥ ಎರಡೇ ಪದದ ವಾಕ್ಯಗಳಲ್ಲಿ ನಾವು ಎಡವುವುದು ಯಾಕೆ ಅನ್ನುವುದೂ ಇದರಿಂದ ಗೊತ್ತಾಗುತ್ತದೆ. ಅಲ್ಲಿ ಜಾಗದ ಹೆಸರೇ ಇಲ್ಲ, ಅದಲುಬದಲು ಮಾಡಲು ಏನೂ ಉಳಿದಿಲ್ಲ. ಮನೆಯಲ್ಲಿ ಕರೆಂಟಿಲ್ಲ, ಸರ್ ಆಫೀಸಿನಲ್ಲಿಲ್ಲ ಅಂತ ಬಿಡಿಸಿಕೊಂಡರೆ ಎರಡೂ ಬೇರೆ ದಾರಿ ಹಿಡಿಯುತ್ತವೆ.

ಇನ್ನೊಂದು ತೊಡಕು, ಕನ್ನಡಕ್ಕೆ ಇಂಗ್ಲಿಷಿನ ‘ಹ್ಯಾವ್’ನಂಥ ಕ್ರಿಯಾಪದವಿಲ್ಲ. ನಮ್ಮಲ್ಲಿ ಯಾರೂ ಏನನ್ನೂ ‘ಹೊಂದುವುದಿಲ್ಲ’ (ಸರ್ಕಾರಿ ಅರ್ಜಿಗಳಲ್ಲಿ ಬಿಟ್ಟರೆ). ನನಗೆ ದುಡ್ಡಿಲ್ಲ, ಅವಳಿಗೆ ಅಣ್ಣತಮ್ಮಂದಿರಿಲ್ಲ, ನನ್ನ ಹತ್ರ ಪೆನ್ನಿಲ್ಲ, ಈ ಮನೆಗೆ ಹಿತ್ತಿಲಿಲ್ಲ: ಎಲ್ಲ ‘ಇಲ್ಲ’ದ ಕೈಯಲ್ಲೇ. ‘ಗೆ’, ‘ಕ್ಕೆ’, ‘ಹತ್ರ’ ಕಂಡಲ್ಲಿ ಇಂಗ್ಲಿಷ್ "ದೇರ್" ಬಿಟ್ಟು "ಹ್ಯಾವ್ ನೋ" ಕಡೆ ತಿರುಗುತ್ತದೆ. "ಐ ಹ್ಯಾವ್ ನೋ ಮನಿ", "ಶೀ ಹ್ಯಾಸ್ ನೋ ಬ್ರದರ್ಸ್". "ದೇರ್ ಈಸ್ ನೋ ಮನಿ ಟು ಮಿ" ಅನ್ನುವುದು ಯಾರಿಗೂ ಅರ್ಥವಾಗದೆ ಹೋಗುವುದಿಲ್ಲ, ಆದರೆ ಹೇಳಿದ್ದು ಕನ್ನಡವೇ.

ಅಲ್ಲ ಅನ್ನುವುದೂ ನೋ

ಕನ್ನಡಿಗರ ಹೆಮ್ಮೆಗೆ ಕಾರಣವಾಗಬೇಕಾದ ಒಂದು ವ್ಯತ್ಯಾಸ ‘ಇಲ್ಲ’ ಮತ್ತು ‘ಅಲ್ಲ’ದ್ದು. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತದೆ ಗಾದೆ. ಅದನ್ನೇ "ಹಿತ್ತಲಲ್ಲಿ ಮದ್ದಿಲ್ಲ" ಅಂದರೆ ಗಾದೆ ಸತ್ತು ಬರಿ ವರದಿ ಉಳಿಯುತ್ತದೆ. ಒಂದು, ಇದು ಅದಲ್ಲ ಅನ್ನುವ ನಿರಾಕರಣೆ. ಇನ್ನೊಂದು, ಇರುವುದನ್ನೇ ಅಲ್ಲಗಳೆಯುವುದು. ಇಂಗ್ಲಿಷಿನ ‘ನೋ’ ಎರಡಕ್ಕೂ ಓಡಾಡುತ್ತದೆ: "ದೇರ್ ಈಸ್ ನೋ ಮೆಡಿಸಿನ್" ಅಂದರೆ ಮದ್ದಿಲ್ಲ, "ದಿಸ್ ಈಸ್ ನೋ ಮೆಡಿಸಿನ್" ಅಂದರೆ ಮದ್ದಲ್ಲ.

ಆದರೆ ಎರಡನೆಯ ಬಗೆಯಲ್ಲಿ ‘ನೋ’ಗೆ ಸ್ವಲ್ಪ ಖಾರ ಸೇರಿರುತ್ತದೆ. "ಹೀ ಈಸ್ ನಾಟ್ ಎ ಟೀಚರ್" ಅಂದರೆ ಅವರ ಉದ್ಯೋಗ ಬೇರೆ, ಬ್ಯಾಂಕಿನಲ್ಲಿರಬಹುದು. "ಹೀ ಈಸ್ ನೋ ಟೀಚರ್" ಅಂದರೆ, ಅವರೂ ಒಬ್ಬ ಮೇಷ್ಟ್ರಾ! ಪಾಠ ಮಾಡುತ್ತಿರುವವರ ಬಗ್ಗೆಯೇ ಹೀಗೆ ಅನ್ನುವುದು ಹೆಚ್ಚು. "ಶೀ ಈಸ್ ನೋ ಫೂಲ್" ಅನ್ನುವುದಕ್ಕೆ "ಅವಳೇನು ದಡ್ಡಿಯಲ್ಲ" ಅನ್ನುವ ಧಾಟಿ. ಆ ‘ಏನು’ ಬಿಟ್ಟರೆ ಮಾತು ಸಪ್ಪೆಯಾಗುತ್ತದೆ. ಅರ್ಜಿಯಲ್ಲಿ "ಐ ಆ್ಯಮ್ ನೋ ಇಂಜಿನಿಯರ್" ಅಂತ ಬರೆದವರಿಗೆ ಸಂದರ್ಶನದ ಕರೆ ಬಂದಿರಲಾರದು.

‘ನೋ’ದ ಹೊಟ್ಟೆಯಲ್ಲಿ ಒಂದು

ಈ ಪುಟ್ಟ ಪದದ ಹುಟ್ಟು ಗೊತ್ತಿದ್ದರೆ ಹಲವು ನಿಯಮಗಳನ್ನು ಬಾಯಿಪಾಠ ಮಾಡುವ ಕಷ್ಟ ತಪ್ಪುತ್ತದೆ. ಹಳೆಯ ಇಂಗ್ಲಿಷಿನಲ್ಲಿ ‘ನೆ’ ಅಂದರೆ ನಿಷೇಧ, ‘ಆನ್’ ಅಂದರೆ ಒಂದು. ಎರಡೂ ಕೂಡಿ ‘ನಾನ್’ ಆಯಿತು, ಒಂದೂ ಇಲ್ಲ ಅನ್ನುವ ಅರ್ಥದಲ್ಲಿ. (ನಮ್ಮ ‘ನಾನು’ವಿಗೂ ಇದಕ್ಕೂ ನಂಟಿಲ್ಲ.) ಕಾಲಾಂತರದಲ್ಲಿ ವ್ಯಂಜನದ ಮುಂದೆ ಕೊನೆಯ ‘ನ್’ ಉದುರಿ ‘ನೋ’ ಉಳಿಯಿತು, ‘ಮೈನ್’ ಹೋಗಿ ‘ಮೈ’ ಆದ ಹಾಗೆ. ಒಂಟಿಯಾಗಿ ನಿಲ್ಲುವಾಗ ಉಳಿದುಕೊಂಡದ್ದು ‘ನನ್’. ಅತ್ತ ‘ಆನ್’ ತಾನೊಂದೇ ಸವೆದು ಇಂದಿನ ‘ಎ’ ಮತ್ತು ‘ಆ್ಯನ್’ ಆಯಿತು. ಪ್ರಶ್ನೆಗೆ ಉತ್ತರವಾಗಿ ಹೇಳುವ "ನೋ" ಇದರ ಒಡಹುಟ್ಟಲ್ಲ. ಅದು ‘ನೆ’ಗೆ ‘ಯಾವಾಗಲೂ’ ಅನ್ನುವ ಅರ್ಥದ ‘ಆ’ ಸೇರಿ ಹುಟ್ಟಿದ ಬೇರೆ ಪದ, ಬೆಳೆಯುತ್ತ ಬೆಳೆಯುತ್ತ ಇಬ್ಬರ ಮುಖವೂ ಒಂದೇ ಥರ ಕಂಡಿತು.

ಅಂದರೆ ‘ನೋ’ ಒಳಗೆ ಆಗಲೇ ಒಂದು ‘ಒಂದು’ ಕೂತಿದೆ. ಅದರ ಪಕ್ಕಕ್ಕೆ ಮತ್ತೆ ‘ಎ’ ತಂದು ಕೂರಿಸಿದರೆ ಒಂದೇ ಸೀಟಿಗೆ ಇಬ್ಬರು. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದವರು ಗೊತ್ತಲ್ಲ, ನಾಮಪದದ ಮುಂದಿನ ಆ ಸೀಟು ಹಾಗೆ. ‘ಎ’, ‘ದ’, ‘ಮೈ’, ‘ದಿಸ್’, ‘ನೋ’, ಯಾರಾದರೊಬ್ಬರು ಕೂರಬಹುದು. "ನೋ ಮೈ ಬುಕ್" ಆಗದು, "ನೋ ದ ಪೆನ್" ಆಗದು. ನಮ್ಮವರು ಬರೆಯುವ ಇಂಗ್ಲಿಷಿನಲ್ಲಿ ನನ್ನ ಕಣ್ಣಿಗೆ ಪದೇ ಪದೇ ಬೀಳುವ "ದೇರ್ ಈಸ್ ನೋ ಸಚ್ ಎ ಥಿಂಗ್" ಕೂಡ ಇದೇ ಜಗಳ. "ಸಚ್ ಎ ಥಿಂಗ್" ಸರಿ, "ನೋ ಸಚ್ ಥಿಂಗ್" ಸರಿ. ಎರಡನ್ನೂ ಕಲಸಿದರೆ ಟವೆಲ್ ಹಾಕಿದವನೂ ಕೂತವನೂ ಕಿತ್ತಾಡುತ್ತಾರೆ.

ಅಂಥದ್ದೊಂದು ಜಗತ್ತಿನಲ್ಲೇ ಇಲ್ಲ ಅಂತ ಹೇಳಬೇಕಾದಾಗ "ದೇರ್ ಈಸ್ ನೋ ಸಚ್ ಥಿಂಗ್ ಆ್ಯಸ್" ಬರುತ್ತದೆ, ಆ ‘ಆ್ಯಸ್’ ಬಿಡಬಾರದು. "ಲೈಕ್" ಹಾಕುವುದೂ ನಮ್ಮಲ್ಲಿ ರೂಢಿ. "ಅದರ ಥರದ್ದು ಇಲ್ಲ" ಅನ್ನುವ ಕನ್ನಡ ಅಲ್ಲಿ ಇಣುಕುತ್ತದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಮಿಲ್ಟನ್ ಫ್ರೀಡ್‌ಮನ್ ತಮ್ಮ 1975ರ ಪುಸ್ತಕಕ್ಕೆ ಹೆಸರಾಗಿ ಇಟ್ಟದ್ದು ಇದೇ ಅಚ್ಚಿನ ನಾಣ್ಣುಡಿಯನ್ನು: ಪುಕ್ಕಟೆ ಊಟ ಅನ್ನುವುದೊಂದಿಲ್ಲ, "ದೇರ್ ಈಸ್ ನೋ ಸಚ್ ಥಿಂಗ್ ಆ್ಯಸ್ ಎ ಫ್ರೀ ಲಂಚ್". ಗಮನಿಸಿ, ‘ಎ’ ಇಲ್ಲಿ ಇದೆ, ಆದರೆ ಲಂಚ್‌ನ ಸೀಟಿನಲ್ಲಿ, ಥಿಂಗ್‌ನ ಸೀಟಿನಲ್ಲಲ್ಲ. ಬ್ರಿಟನ್ನಿನ ಪ್ರಧಾನಿಯಾಗಿದ್ದ ಮಾರ್ಗರೆಟ್ ಥ್ಯಾಚರ್ 1987ರಲ್ಲಿ ಮಹಿಳಾ ಪತ್ರಿಕೆಯೊಂದರ ಸಂದರ್ಶನದಲ್ಲಿ ಸಮಾಜ ಅನ್ನುವುದೊಂದಿಲ್ಲ ಅಂದದ್ದು ಇದೇ ಅಚ್ಚಿನಲ್ಲಿ, ಅದರ ಗದ್ದಲ ಇನ್ನೂ ಅಡಗಿಲ್ಲ. ಅವರ ಇನ್ನೊಂದು ನೆಚ್ಚಿನ ಮಾತು "ದೇರ್ ಈಸ್ ನೋ ಆಲ್ಟರ್ನೇಟಿವ್". ಬೇರೆ ದಾರಿಯಿಲ್ಲ ಅನ್ನುವ ಅದರ ಮೊದಲಕ್ಷರಗಳನ್ನು ಕೂಡಿಸಿ ಮಾಡಿದ ‘ಟೀನಾ’ವನ್ನು ನಮ್ಮ ಚುನಾವಣಾ ವಿಶ್ಲೇಷಕರು ಐದು ವರ್ಷಕ್ಕೊಮ್ಮೆ ಪೆಟ್ಟಿಗೆಯಿಂದ ತೆಗೆದು ಕೊಡವುತ್ತಾರೆ.

‘ನೋ’ ಒಳಗೆ ‘ಒಂದು’ ಮಾತ್ರವಲ್ಲ, ನಿಷೇಧವೂ ಕೂತಿದೆ ಅನ್ನುವುದು ಇನ್ನೊಂದು ಕಡೆ ಉಪಯೋಗಕ್ಕೆ ಬರುತ್ತದೆ. "ಮನೇಲಿ ಯಾರೂ ಇಲ್ಲ" ಅನ್ನುವುದನ್ನು "ಎನಿಬಡಿ ಈಸ್ ನಾಟ್ ದೇರ್" ಅನ್ನುವವರಿದ್ದಾರೆ, "ನೋಬಡಿ ಈಸ್ ನಾಟ್ ದೇರ್" ಅನ್ನುವವರೂ ಇದ್ದಾರೆ. ಕನ್ನಡದ ‘ಯಾರೂ’ ಒಳಗೆ ನಿಷೇಧವಿಲ್ಲ. ಯಾರು ಅನ್ನುವುದಕ್ಕೆ ‘ಊ’ ಸೇರಿದೆ, ನಿಷೇಧದ ಭಾರವನ್ನೆಲ್ಲ ಹೊರುವುದು ಕೊನೆಯ ‘ಇಲ್ಲ’. ಹಾಗಾಗಿ ‘ಯಾರೂ’ಗೆ ‘ಎನಿಬಡಿ’ ಅನ್ನುವುದು ಲೆಕ್ಕದಲ್ಲಿ ಸರಿಯೇ. ಆದರೆ ಇಲ್ಲ ಅನ್ನುವ ಮಾತಿನಲ್ಲಿ ಇಂಗ್ಲಿಷಿನ ‘ಎನಿ’ ಅಂಜುಬುರುಕ ಮಗು, ನಿಷೇಧದ ಪದ ಮುಂದೆ ನಡೆದರೆ ಮಾತ್ರ ಹಿಂದೆ ಬರುತ್ತದೆ. "ದೇರ್ ಈಸಂಟ್ ಎನಿಬಡಿ ಇನ್ ದ ಹೌಸ್" ಸರಿ. ನಿಷೇಧವನ್ನು ಪದದೊಳಗೇ ಹುದುಗಿಸಿ "ದೇರ್ ಈಸ್ ನೋಬಡಿ" ಅಂದರೂ ಸರಿ. "ನೋಬಡಿ ಈಸ್ ನಾಟ್ ದೇರ್" ಅಂದರೆ ಮಾತ್ರ ಎಲ್ಲರೂ ಬಂದಿದ್ದಾರೆ ಅಂತ ಅರ್ಥ!

ಎರಡು ನಿಷೇಧ ಸೇರಿದರೆ ಹೌದು ಅನ್ನುವ ಈ ಲೆಕ್ಕ ಇಂಗ್ಲಿಷಿನಲ್ಲಿ ಬಹಳ ಹಳೆಯದೇನಲ್ಲ. 14ನೇ ಶತಮಾನದ ಕವಿ ಚಾಸರ್ ಒಂದೇ ವಾಕ್ಯದಲ್ಲಿ ನಾಲ್ಕು ನಿಷೇಧ ಪದಗಳನ್ನು ಪೇರಿಸಿದ್ದಾನೆ, ಎಲ್ಲ ಸೇರಿ ಒಂದೇ ಗಟ್ಟಿ ‘ಇಲ್ಲ’ ಅನ್ನಲು. ಅದು ಕೂಡದು, ಒಂದನ್ನೊಂದು ಕೊಲ್ಲುತ್ತವೆ ಅನ್ನುವ ಕಟ್ಟಳೆಯನ್ನು 1760ರ ದಶಕದಲ್ಲಿ ವ್ಯಾಕರಣ ಬರೆದ ಪಾದ್ರಿ ರಾಬರ್ಟ್ ಲೌತ್ ಮೊದಲಾದವರು ಹರಡಿದರು. ಬೀದಿಯ ಇಂಗ್ಲಿಷಿನಲ್ಲಿ ಎರಡೆರಡು ನಿಷೇಧ ಇಂದಿಗೂ ಬದುಕಿದೆ, ಪರೀಕ್ಷೆಯಲ್ಲಿ ಅಂಕ ಕಳೆಯುತ್ತದೆ. ಕನ್ನಡದವರಿಗೆ ಲೌತ್ ಪಾದ್ರಿಯ ಲೆಕ್ಕ ಕಲಿಸಬೇಕಾಗಿಲ್ಲ. "ಅವನು ಬರದೇ ಇರಲ್ಲ" ಅಂದರೆ ಬಂದೇ ಬರುತ್ತಾನೆ ಅಂತ ಹಳ್ಳಿಯ ಅಜ್ಜಿಗೂ ಗೊತ್ತು.

ಏಕವಚನವೋ ಬಹುವಚನವೋ ಅನ್ನುವುದನ್ನು ಬೇಗ ಮುಗಿಸುತ್ತೇನೆ. ಇರದ ವಸ್ತುವನ್ನು ಎಣಿಸುವುದು ಹೇಗೆ? ಇದ್ದಿದ್ದರೆ ಎಷ್ಟಿರುತ್ತಿತ್ತು ಅಂತ ಊಹಿಸಿ. ಮರದಲ್ಲಿ ಎಲೆ ಇದ್ದರೆ ಹಲವು, ಅದಕ್ಕೆ "ದೇರ್ ಆರ್ ನೋ ಲೀವ್ಸ್". ಊರಲ್ಲಿ ಪೋಸ್ಟ್ ಆಫೀಸ್ ಇದ್ದರೆ ಒಂದು, ಅದಕ್ಕೆ "ದೇರ್ ಈಸ್ ನೋ ಪೋಸ್ಟ್ ಆಫೀಸ್". ಹಾಲು, ನೀರು, ದುಡ್ಡು, ಸಮಯಕ್ಕೆ ಸದಾ ‘ಈಸ್’. ಲಾಡ್ಜಿನಲ್ಲಿ "ದೇರ್ ಆರ್ ನೋ ರೂಮ್ಸ್" ಅಂದರೆ ಕೋಣೆಗಳು ಖಾಲಿಯಿಲ್ಲ. ಆಟೋದಲ್ಲಿ "ದೇರ್ ಈಸ್ ನೋ ರೂಮ್" ಅಂದರೆ ಜಾಗವಿಲ್ಲ. ‘ಜಾಗ’ ಅನ್ನುವುದಕ್ಕೆ "ಪ್ಲೇಸ್" ಹಾಕಿ "ದೇರ್ ಈಸ್ ನೋ ಪ್ಲೇಸ್ ಇನ್ ದ ಬಸ್" ಅನ್ನುವುದು ನಮ್ಮ ಮನೆಯ ತಯಾರಿಕೆ.

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ. ಇದನ್ನು ಇಂಗ್ಲಿಷಿಗೆ ತರಲು ಹೋಗಿ ಸೋತವರ ಸಾಲಿನಲ್ಲಿ ನಾನೂ ಇದ್ದೇನೆ. "ದೇರ್ ಈಸ್ ನೋ ರಿಲೇಟಿವ್ ದ್ಯಾನ್ ಮದರ್" ಅಂದರೆ ವಾಕ್ಯ ಕುಂಟುತ್ತದೆ. ನಮ್ಮ ‘ಗಿಂತ’ ಒಳಗೇ ‘ಹೆಚ್ಚಿನ’ ಅನ್ನುವುದು ಅಡಗಿದೆ. ಅವರ ‘ದ್ಯಾನ್’ ಬರಿ ತಕ್ಕಡಿಯ ಮುಳ್ಳು, ತಟ್ಟೆಯಲ್ಲಿ ಏನಾದರೂ ಇಡಲೇಬೇಕು: ‘ಕ್ಲೋಸರ್’, ‘ಗ್ರೇಟರ್’, ‘ಬೆಟರ್’. "ದೇರ್ ಈಸ್ ನೋ ರಿಲೇಟಿವ್ ಕ್ಲೋಸರ್ ದ್ಯಾನ್ ಎ ಮದರ್." ಗಾದೆಯ ಬಿಗಿ ಹೋಯಿತು, ವ್ಯಾಕರಣ ಉಳಿಯಿತು.

ಆಗದು ಅನ್ನುವ ‘ನೋ’

ಇಷ್ಟು ಹೊತ್ತು ಇರದ ವಸ್ತುಗಳ ಮಾತಾಯಿತು. ಅದೇ ಅಚ್ಚು ಆಗದ ಕೆಲಸಕ್ಕೂ ಬರುತ್ತದೆ. ‘ನೋ’ ಆದಮೇಲೆ ‘ಇಂಗ್’ ಅಂತ್ಯದ ಕ್ರಿಯೆ ಇಟ್ಟರೆ ಅದು ಸಾಧ್ಯವಿಲ್ಲ ಅನ್ನುವ ಅರ್ಥ. "ದೇರ್ ಈಸ್ ನೋ ನೋಯಿಂಗ್ ವೆನ್ ಇಟ್ ವಿಲ್ ರೇನ್": ಮಳೆ ಯಾವಾಗ ಬರುತ್ತದೋ ಹೇಳಲಾಗದು. "ದೇರ್ ಈಸ್ ನೋ ಡಿನೈಯಿಂಗ್ ಇಟ್": ಅಲ್ಲಗಳೆಯುವಂತಿಲ್ಲ. ಕನ್ನಡದ ‘ಅಂತಿಲ್ಲ’ ಇದಕ್ಕೆ ಎಷ್ಟು ಹತ್ತಿರ ನೋಡಿ. ಅಲ್ಲಗಳೆಯುವಂತಿಲ್ಲ, ಮರೆಯುವಂತಿಲ್ಲ, ತಪ್ಪಿಸಿಕೊಳ್ಳುವಂತಿಲ್ಲ. ಇಬ್ಬರೂ ಕ್ರಿಯೆಯನ್ನು ಒಂದು ವಸ್ತುವಿನ ಹಾಗೆ ಎದುರಿಗಿಟ್ಟು, ಅಂಥದ್ದು ಇಲ್ಲ ಅನ್ನುತ್ತಾರೆ.

ಹೋಲಿಕೆ ಅಲ್ಲಿಗೇ ನಿಲ್ಲುವುದಿಲ್ಲ. "ಇಲ್ಲಿ ಬೀಡಿ ಸೇದುವಂತಿಲ್ಲ" ಅಂದರೆ ಸೇದಲು ಆಗುವುದಿಲ್ಲ ಅಂತಲ್ಲ, ಸೇದಕೂಡದು. ಇಂಗ್ಲಿಷಿನ "ನೋ ಸ್ಮೋಕಿಂಗ್", "ನೋ ಪಾರ್ಕಿಂಗ್" ಫಲಕಗಳೂ ಅದೇ ‘ನೋ’, ಅದೇ ‘ಇಂಗ್’. ಅಸಾಧ್ಯ ಮತ್ತು ನಿಷಿದ್ಧ, ಎರಡೂ ಒಂದೇ ಬಾಗಿಲಿನಿಂದ ಹೊರಬರುತ್ತವೆ. ಬೆಂಗಳೂರಿನಲ್ಲಿ ಗಾಡಿ ನಿಲ್ಲಿಸಲು ಜಾಗ ಹುಡುಕಿದವರಿಗೆ "ನೋ ಪಾರ್ಕಿಂಗ್" ಯಾವ ಅರ್ಥದಲ್ಲಿ ಓದಿದರೂ ನಿಜ.

"ದೇರ್ ಈಸ್ ನೋ ವೇ" ಕೂಡ ಇಬ್ಬಗೆಯದು. "ದೇರ್ ಈಸ್ ನೋ ವೇ ಟು ದ ರಿವರ್ ಫ್ರಮ್ ಹಿಯರ್" ಅಂದರೆ ನಿಜವಾಗಿ ದಾರಿಯಿಲ್ಲ. "ದೇರ್ ಈಸ್ ನೋ ವೇ ಹೀ ವಿಲ್ ಅಗ್ರೀ" ಅಂದರೆ ಅವನು ಒಪ್ಪುವ ಚಾನ್ಸೇ ಇಲ್ಲ. ‘ನೋ ವೇ’ಯನ್ನು ವಾಕ್ಯದ ತಲೆಗೆ ತಂದರೆ ಹಿಂದಿನದು ಮಗುಚುತ್ತದೆ: "ನೋ ವೇ ವಿಲ್ ಹೀ ಅಗ್ರೀ". ಮಾತಿಗೆ ಚೆನ್ನ, ಮೇಲಧಿಕಾರಿಗೆ ಬರೆಯುವ ಪತ್ರಕ್ಕೆ ಬೇಡ. ಚಾನ್ಸ್ ಅಂದೆನಲ್ಲ, ಅದರ ಬಾಲವನ್ನೂ ನೋಡಿಕೊಳ್ಳಬೇಕು. "ಐ ಹ್ಯಾಡ್ ನೋ ಚಾನ್ಸ್ ಟು ಸ್ಪೀಕ್" ಅಂದರೆ ಮಾತಾಡಲು ಅವಕಾಶ ಸಿಗಲಿಲ್ಲ. "ದೇರ್ ಈಸ್ ನೋ ಚಾನ್ಸ್ ಆಫ್ ರೇನ್" ಅಂದರೆ ಮಳೆಯ ಸಾಧ್ಯತೆಯಿಲ್ಲ. ಅವಕಾಶಕ್ಕೆ ‘ಟು’, ಸಾಧ್ಯತೆಗೆ ‘ಆಫ್’.

ಬಾಲ ಬದಲಾದರೆ ಅರ್ಥವೇ ತಲೆಕೆಳಗಾಗುವ ಒಂದು ಜೋಡಿ ಇದೆ, ಈ ಲೇಖನ ಬರೆಯಲು ಕೂತದ್ದೇ ಅದಕ್ಕಾಗಿ ಅಂದರೂ ಸರಿ. "ದೇರ್ ಈಸ್ ನೋ ಕ್ವೆಶ್ಚನ್ ಆಫ್ ಹಿಸ್ ರಿಸೈನಿಂಗ್" ಮತ್ತು "ದೇರ್ ಈಸ್ ನೋ ಕ್ವೆಶ್ಚನ್ ದಟ್ ಹೀ ವಿಲ್ ರಿಸೈನ್". ಮೊದಲನೆಯದರಲ್ಲಿ ಮಂತ್ರಿಗಳ ಕುರ್ಚಿ ಭದ್ರ. ಎರಡನೆಯದರಲ್ಲಿ ಅವರು ಮನೆಗೆ ಹೋಗುವುದು ಖಚಿತ. ಮೊದಲ ನಾಲ್ಕು ಪದಗಳು ಒಂದೇ, ‘ಆಫ್’ ಮತ್ತು ‘ದಟ್’ ಎರಡು ಊರಿಗೆ ಬಸ್ಸು ಹತ್ತಿಸುತ್ತವೆ. ಅವಸರದಲ್ಲಿ ಇಂಗ್ಲಿಷ್ ಸುದ್ದಿಯನ್ನು ಕನ್ನಡಕ್ಕೆ ಇಳಿಸುವವರಿಗೆ ಇದಕ್ಕಿಂತ ಅಪಾಯದ ತಿರುವು ಇನ್ನೊಂದಿಲ್ಲ.

ನಮ್ಮ ಪತ್ರಿಕೆಗಳು ಮೊದಲನೆಯದಕ್ಕೆ "ರಾಜೀನಾಮೆ ಕೊಡುವ ಪ್ರಶ್ನೆಯೇ ಇಲ್ಲ" ಅಂತ ಬರೆಯುತ್ತವೆ. ಎಷ್ಟು ಬಳಸಿದ್ದೇವೆಂದರೆ ಅದು ಇಂಗ್ಲಿಷಿನಿಂದ ಬಂದದ್ದು ಅನ್ನುವುದೇ ಮರೆತಿದೆ. ಮೇಲೆ ಪುಸ್ತಕ ಮತ್ತು ಮೇಜಿನ ಮಾತಾಡುವಾಗ ನಾನೇ ಅದನ್ನು ಬಳಸಿದೆ, ತೆಗೆಯಲು ಮನಸ್ಸು ಬರಲಿಲ್ಲ. ಆದರೆ ‘ಪ್ರಶ್ನೆ’ಯ ಹಂಗಿಲ್ಲದೆ ಇದೇ ಜೋಡಿಯನ್ನು ಕನ್ನಡ ತನ್ನದೇ ರೀತಿಯಲ್ಲಿ ಹೇಳುತ್ತದೆ. ರಾಜೀನಾಮೆ ಕೊಡೋ ಮಾತೇ ಇಲ್ಲ. ರಾಜೀನಾಮೆ ಕೊಡ್ತಾರೆ, ಅದರಲ್ಲಿ ಎರಡು ಮಾತಿಲ್ಲ. ಒಂದು ಕಡೆ ಮಾತೇ ಇಲ್ಲ, ಇನ್ನೊಂದು ಕಡೆ ಎರಡು ಮಾತಿಲ್ಲ! ‘ಆಫ್’ ಕಂಡರೆ ‘ಮಾತೇ ಇಲ್ಲ’, ‘ದಟ್’ ಅಥವಾ ‘ಅಬೌಟ್’ ಕಂಡರೆ ‘ಎರಡು ಮಾತಿಲ್ಲ’. ಈ ಗುರುತು ಇಟ್ಟುಕೊಂಡ ಮೇಲೆ ನಾನು ಅಲ್ಲಿ ಎಡವಿಲ್ಲ. "ಔಟ್ ಆಫ್ ದ ಕ್ವೆಶ್ಚನ್" ಅನ್ನುವುದು ಮಾತೇ ಇಲ್ಲದ ಗುಂಪಿಗೆ ಸೇರಿದ್ದು, "ವಿದೌಟ್ ಕ್ವೆಶ್ಚನ್", "ಬಿಯಾಂಡ್ ಕ್ವೆಶ್ಚನ್" ಎರಡು ಮಾತಿಲ್ಲದ ಗುಂಪಿಗೆ.

‘ಡೌಟ್’ ಬೇರೆ ಆಟ ಆಡುತ್ತದೆ. ನಮ್ಮ ಮಾತಿನಲ್ಲಿ "ನೋ ಡೌಟ್, ಅವನೇ ಕದ್ದಿದ್ದು" ಅಂದರೆ ನೂರಕ್ಕೆ ನೂರು ಖಾತ್ರಿ. ಇಂಗ್ಲಿಷಿನವರು ಬಿಡಿಯಾಗಿ "ನೋ ಡೌಟ್ ಹೀ ಈಸ್ ಬ್ಯುಸಿ" ಅಂದರೆ ಅಷ್ಟು ಖಾತ್ರಿ ಇರುವುದಿಲ್ಲ, ಬ್ಯುಸಿ ಇರಬೇಕು ಅನ್ನುವ ಊಹೆ ಅದು; ಕೆಲವೊಮ್ಮೆ "ಜಾಣ ನಿಜ, ಆದರೆ" ಅಂತ ಒಪ್ಪಿ ಮುಂದಕ್ಕೆ ಕತ್ತರಿ ಹಾಕುವ ಪೀಠಿಕೆ. ನಿಜವಾದ ಖಾತ್ರಿಗೆ ಪೂರ್ತಿ ಅಚ್ಚು ಬೇಕು: "ದೇರ್ ಈಸ್ ನೋ ಡೌಟ್ ದಟ್".

ಉಳಿದ ಚಿಲ್ಲರೆ ಇಷ್ಟು. "ನೋ ನೀಡ್" ಆದಮೇಲೆ ‘ಆಫ್’ ಹಾಕುವ ಚಟ ನಮಗಿದೆ, ಬೇಕಾದದ್ದು ‘ಫಾರ್’, ಕ್ರಿಯೆಯಾದರೆ ‘ಟು’. "ನೋ ಪಾಯಿಂಟ್" ಆದಮೇಲೆ ‘ಇನ್’ ಮತ್ತು ‘ಇಂಗ್’: "ದೇರ್ ಈಸ್ ನೋ ಪಾಯಿಂಟ್ ಇನ್ ವೇಟಿಂಗ್", ಕಾದು ಪ್ರಯೋಜನವಿಲ್ಲ. "ಆಶ್ಚರ್ಯವೇನಿಲ್ಲ" ಅನ್ನುವುದಕ್ಕೆ ಮಾತ್ರ "ದೇರ್ ಈಸ್" ಒಗ್ಗುವುದಿಲ್ಲ. ಅದು "ಇಟ್ ಈಸ್ ನೋ ವಂಡರ್", ಇಲ್ಲವೇ ಬರಿ "ನೋ ವಂಡರ್".

ಇಷ್ಟೆಲ್ಲ ಹೇಳಿದರೂ "ಕರೆಂಟ್ ಈಸ್ ನಾಟ್ ದೇರ್" ಅಂದವರನ್ನು ನಿಲ್ಲಿಸಿ ತಿದ್ದುವ ಪೈಕಿ ನಾನಲ್ಲ. ದಾವಣಗೆರೆಯವರು ಕೊಯಮತ್ತೂರಿನವರ ಜೊತೆ ಮಾತಾಡುವಾಗ ಅದು ಇಬ್ಬರಿಗೂ ಸಲೀಸು, ಇಬ್ಬರ ಭಾಷೆಯ ಮೈಕಟ್ಟೂ ಅದರಲ್ಲಿದೆ. ಅರ್ಜಿ, ಪರೀಕ್ಷೆ, ಹೊರದೇಶದ ಪತ್ರ ಅಂದಾಗ ಅಂಗಿ ಬದಲಾಯಿಸಿದ ಹಾಗೆ ಅಚ್ಚು ಬದಲಾಯಿಸಿಕೊಂಡರೆ ಸಾಕು. ನಾನು ಬದಲಾಯಿಸಿಕೊಂಡೆ. ‘ನಾಟ್ ಇನ್’ ಅನ್ನುವುದನ್ನು ಚೀಟಿಯಲ್ಲಿ ಬರೆದು ಫೋನಿನ ಪಕ್ಕ ಅಂಟಿಸಿಕೊಂಡೆ.

ಮಾರನೆಯ ವಾರ ಲಂಡನ್ನಿನ ಅದೇ ದನಿ. ಮ್ಯಾನೇಜರು ಆವತ್ತೂ ಇರಲಿಲ್ಲ. ಅವರು ಈ ಸಲ ಜಾಗ್ರತೆಯಿಂದ ತಾವೇ ಕೇಳಿದರು, "ಈಸಂಟ್ ಹೀ ಇನ್ ಟುಡೇ?" ಇವತ್ತು ಇಲ್ವಾ? ನಮ್ಮಲ್ಲಿ ಹಾಗೆ ಕೇಳಿದರೆ ಏನನ್ನುತ್ತೇವೆ? ಹೌದು, ಇಲ್ಲ. ಕೇಳಿದವರ ಊಹೆಗೆ ಹೌದು ಅನ್ನುತ್ತೇವೆ. ಇಂಗ್ಲಿಷಿನವರು ಊಹೆಯ ಗೊಡವೆಗೆ ಹೋಗುವುದಿಲ್ಲ, ಮನುಷ್ಯ ಇದ್ದರೆ ‘ಯೆಸ್’, ಇಲ್ಲದಿದ್ದರೆ ‘ನೋ’. ಅದು ನನಗೆ ಆಗ ಗೊತ್ತಿರಲಿಲ್ಲ. ಖುಷಿಯಿಂದ "ಯೆಸ್" ಅಂದೆ. ಅವರು "ಥ್ಯಾಂಕ್ ಯೂ" ಅಂದು, ಲೈನ್ ಕೊಡುತ್ತೇನೆಂದು ಕಾಯುತ್ತ ನಿಂತರು.